ಬಾಗಿಲಲ್ಲಿ ಹರಿದ ಊಜ್ ನದಿ

ಎದುರುಮನೆ ಟೀಚರಮ್ಮನ ಬಲಗೈಯ ಎರಡು ಬೆರಳು ಸದಾ ಬೆಳ್ಳಗಿರುತ್ತಿದ್ದವು, ರಂಗೋಲಿ ಪುಡಿಯಿಂದ. ಎಗ್ಮೋರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ಬಾಗಿಲಿಗೂ ಚುಕ್ಕಿ ರಂಗೋಲಿ. ಅವರ ಬಾಗಿಲಿಗೆ ಮಾತ್ರ ದಿನಕ್ಕೊಂದು ನದಿ. ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವರ ಚಟ. ಹುಟ್ಟಿದ ಜಾಗದಿಂದ ಸಮುದ್ರದವರೆಗೆ ಕೈ ಎತ್ತದೆ ಎಳೆಯುತ್ತಿದ್ದರು. ಮೂರು ತಲೆಮಾರಿನಿಂದ ಮದ್ರಾಸಿನವರು; ಮೈಸೂರಿನಿಂದ ಬಂದ ನನ್ನನ್ನೂ ತಮಿಳರ ಹಾಗೆ ಮುದ್ದಿನಿಂದ ‘ಕಣ್ಣಾ’ ಎಂದೇ ಕರೆಯುತ್ತಿದ್ದರು.

ಎಂಟು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಸೇರಿದ್ದೆ. ಕಂಪ್ಯೂಟರಿನಲ್ಲಿ ನಕ್ಷೆ ತಯಾರಿಸುವ ಆಫೀಸು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಕೈಗೆ ಬಂದದ್ದು ಪೂರ್ವ ಇಂಗ್ಲೆಂಡಿನ ಗ್ರೇಟ್ ಊಜ್ ನದಿ. ಈಲಿ ಎಂಬ ಊರು ದಾಟಿದ ಮೇಲೆ ಎತ್ತರದ ಅಳತೆ ನೋಡಿದರೆ ನದಿ ಮೇಲೆ, ಹೊಲ ಕೆಳಗೆ. ಎಲ್ಲಾದರೂ ಉಂಟೇ? ಜೊತೆಯವರೆಲ್ಲ ತಮ್ಮ ತಮ್ಮ ಪಾಲಿನ ನಕ್ಷೆಯ ಹಾಳೆಗಳಲ್ಲಿ ನದಿಯನ್ನು ಕೆಳಗಿಳಿಸಿ ‘ಸರಿಪಡಿಸಿದರು’. ನನಗೇಕೋ ಕೈ ಬರಲಿಲ್ಲ.

ಟೀಚರಮ್ಮನಿಗೆ ಹೇಳಿದೆ. ನಕ್ಕು ತಾರಸಿಗೆ ಕರೆದೊಯ್ದರು. ಹೂಕುಂಡಕ್ಕೆ ಹಾಕುವ ತೆಂಗಿನ ನಾರಿನ ಪುಡಿಯನ್ನು ನೆನೆಸಿ ಅಗಲ ತಟ್ಟೆಗೆ ತುಂಬಿ, ನಡುವೆ ಅಷ್ಟೇ ಎತ್ತರಕ್ಕೆ ಜೇಡಿಮಣ್ಣಿನ ಕಾಲುವೆ ಕಟ್ಟಿದರು. ಮೂರು ದಿನದ ಮದ್ರಾಸ್ ಬಿಸಿಲಿಗೆ ಪುಡಿ ಒಣಗಿ ಕುಸಿಯಿತು, ಕಾಲುವೆ ಮೇಲೇ ಉಳಿಯಿತು.

“ಅಲ್ಲೂ ಇದೇ ಕಥೆ, ಕಣ್ಣಾ. ಜೌಗು ಬಸಿದು ಹೊಲ ಮಾಡಿದ್ರು, ನೆಲ ಕುಸೀತು. ಈಗ ಹೊಲದ ನೀರನ್ನ ಪಂಪ್ ಹಾಕಿ ನದಿಗೆ ಎತ್ತಬೇಕು. ನೀನು ನದೀನ ಇಳಿಸಬೇಡ.”

ಪಾಸ್‌ಪೋರ್ಟೇ ಮಾಡಿಸದ ಆ ಮುದುಕಿಯ ಮಾತು ನಂಬಿ ಆಫೀಸಿನಲ್ಲಿ ಹಟ ಹಿಡಿದೆ. ಮೇಲಧಿಕಾರಿ ಸಿಟ್ಟಾದರು, ತಪ್ಪಾದರೆ ಕೆಲಸದ ಆಸೆ ಬಿಟ್ಟುಬಿಡಿ ಎಂದರು. ನನ್ನ ಹಾಳೆ ಇದ್ದ ಹಾಗೇ, ನಕ್ಷೆ ಮಾಡಿಸುತ್ತಿದ್ದ ಇಂಗ್ಲೆಂಡಿನ ಕಂಪನಿಗೆ ಹೋಯಿತು. ಒಂದು ವಾರ ಕಾದೆ. ಆಮೇಲೆ ಉತ್ತರ ಬಂತು: ಇದೊಂದೇ ಸರಿಯಿದೆ, ಉಳಿದವನ್ನು ಇದರಂತೆ ತಿದ್ದಿ. ತಿದ್ದಿಸುವ ಜವಾಬ್ದಾರಿ ನನಗೇ ಕೊಟ್ಟರು, ಕೆಲಸವೂ ಖಾಯಂ ಆಯಿತು. ಅಬ್ಬಾ, ಅವತ್ತು ಸ್ಟೇಷನ್ನಿನಿಂದ ಮನೆಗೆ ನಡೆದೆನೋ ಹಾರಿದೆನೋ!

ಮರುದಿನ ಬಾಗಿಲು ತೆಗೆದರೆ ಊಜ್ ನದಿ. ಟೀಚರಮ್ಮನ ಹೊಸ್ತಿಲಲ್ಲಿ ಹುಟ್ಟಿ, ಬಕಿಂಗ್‌ಹ್ಯಾಮ್, ಬೆಡ್‌ಫರ್ಡ್, ಈಲಿ ದಾಟಿ, ನಮ್ಮಿಬ್ಬರ ನಡುವಿನ ಹಾದಿಯಲ್ಲಿ ಬಳುಕಿ, ನನ್ನ ಹೊಸ್ತಿಲಲ್ಲಿ ಸಮುದ್ರ ಸೇರಿತ್ತು. ಅವರು ಬೆರಳು ಒರೆಸಿಕೊಳ್ಳುತ್ತಾ, ಕಾಫಿ ಎಲ್ಲಿ ಎಂದು ಕೇಳಿದರು.

ಕಳೆದ ವರ್ಷ ತೀರಿಕೊಂಡರು. ಹದಿಮೂರು ದಿನ ಆ ಬಾಗಿಲಿಗೆ ರಂಗೋಲಿ ಇಲ್ಲ. ಹದಿನಾಲ್ಕನೆಯ ಬೆಳಿಗ್ಗೆ ಅವರ ಸೊಸೆಯನ್ನು ಕೇಳಿ, ಅವರದೇ ಪುಡಿ ಹಿಡಿದು ಕೂತೆ. ಅವರ ಹೊಸ್ತಿಲಿನಿಂದ ನನ್ನ ಹೊಸ್ತಿಲವರೆಗೆ ಕೈ ಎತ್ತದೆ ಎಳೆದೆ. ಈಲಿ ದಾಟಿದ ಮೇಲೆ ಪುಡಿಯನ್ನು ಒಂದಿಷ್ಟು ದಪ್ಪಗೆ ಹಾಕಿದೆ. ನದಿ ಅಲ್ಲಿ ಎತ್ತರ.