ಡ್ರಮ್ಮಿನೊಳಗೆ ಕೂತವನು

ಅಕ್ಕನ ಬಲಗೈ ನಡುಬೆರಳಿನ ಗೆಣ್ಣು ಕಪ್ಪಾಗಿ, ಹುಣಸೆ ಬೀಜದಷ್ಟು ಗಟ್ಟಿಯಾಗಿತ್ತು. ಡಬ್ಬಿ ತಟ್ಟಿ ತಟ್ಟಿ ಆದದ್ದು. ಬೆಳಿಗ್ಗೆ ಮುಖ ತೊಳೆದವಳೇ ಗೋಡೆಗುಂಟ ಜೋಡಿಸಿಟ್ಟ ಡಬ್ಬಿಗಳನ್ನು ಆ ಗೆಣ್ಣಿನಿಂದ ಒಂದೊಂದಾಗಿ ಬಡಿದು ಕಿವಿಗೊಡುತ್ತಿದ್ದಳು. ಮುಚ್ಚಳ ತೆಗೆದರೆ ಗಾಳಿ ಹೊಕ್ಕು ಹುಳ ಬೀಳುತ್ತದೆ ಎಂದು ಸುಮ್ಮಸುಮ್ಮನೆ ತೆರೆಯುತ್ತಿರಲಿಲ್ಲ. ಬೇಳೆ ಎಲ್ಲಿಯವರೆಗೆ ಇದೆ, ಜೋಳ ಎಷ್ಟು ಇಳಿದಿದೆ ಎಂಬುದೆಲ್ಲ ಆಕೆಗೆ ಸದ್ದಿನಲ್ಲೇ ತಿಳಿಯುತ್ತಿತ್ತು.

ಕೌಲ್ ಬಜಾರಿನಲ್ಲಿ ನಮ್ಮದು ಚಿಕ್ಕ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್ನು. ಕಾರ್ಖಾನೆಯಿಂದ ಬರುವ ಜೀನ್ಸ್ ಪ್ಯಾಂಟಿಗೆ ಜೇಬು ಕೂರಿಸುವುದು ನನ್ನ ಕೆಲಸ. ಹಿಂದಿನ ಕೋಣೆ ಅಕ್ಕನದು. ಆಕೆ ತನ್ನ ಒಲೆ ಬೇರೆ ಇಟ್ಟುಕೊಂಡಿದ್ದಳು. ನನ್ನ ಹೆಂಡತಿಯೊಂದಿಗೆ ಜಗಳವೇನೂ ಇರಲಿಲ್ಲ. ನಮ್ಮ ಅಡುಗೆಯಲ್ಲಿ ಪೋಲಾಗುವುದನ್ನು ನೋಡಲಾರೆ ಎನ್ನುತ್ತಿದ್ದಳು, ಅಷ್ಟೇ. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವಳು. ಹಾಲಿನ ಪ್ಯಾಕೆಟ್ ತೊಳೆದ ನೀರು ಚಹಾಕ್ಕೆ. ನಾನು ಕತ್ತರಿಸಿ ಬಿಸಾಡಿದ ಜೀನ್ಸ್ ತುಂಡುಗಳೆಲ್ಲ ಹುಣಸೆಹಣ್ಣು ತುಂಬುವ ಚೀಲಗಳಾಗುತ್ತಿದ್ದವು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಮತ್ತೆ ಡಬ್ಬಿಗೆ ಹಾಕದ ದಿನವಿಲ್ಲ.

ಸಾಲಿನ ಕೊನೆಯಲ್ಲಿ, ಮೂಲೆಗೆ, ಎದೆಯೆತ್ತರದ ತಗಡಿನ ಡ್ರಮ್ಮು. ಅದರಲ್ಲಿ ಸಿರುಗುಪ್ಪದ ಸೋದರಮಾವ ಕಳಿಸುತ್ತಿದ್ದ ಅಕ್ಕಿ. ಅದನ್ನು ಬೇವಿನ ಎಲೆ, ಒಣ ಮೆಣಸಿನಕಾಯಿ ಹಾಕಿ ವರ್ಷಗಟ್ಟಲೆ ಹಳೆಯದು ಮಾಡುತ್ತಿದ್ದಳು. ಹಬ್ಬಕ್ಕೂ ಅದನ್ನು ಮುಟ್ಟುವಂತಿರಲಿಲ್ಲ. ಕೊರೋನಾ ಬಂದು ಮಷಿನ್ನುಗಳೆಲ್ಲ ನಿಂತಾಗ ಮಾತ್ರ ತಾನಾಗಿಯೇ ತೆಗೆದಳು. ನಮ್ಮ ಮನೆ ಉಂಡಿತು, ಆಚೆ ಈಚೆ ಮನೆಯವರೂ ಉಂಡರು. ಆಗ ಇಳಿದ ಅಕ್ಕಿ ಕಂಠದಿಂದ ಒಂದು ಮೊಳ ಕೆಳಗೇ ಉಳಿದಿತ್ತು.

ಒಂದರಲ್ಲಿ ಮಾತ್ರ ಅಕ್ಕ ಕೈ ಬಿಗಿ ಹಿಡಿಯುತ್ತಿರಲಿಲ್ಲ. ಡ್ರಮ್ಮಿನ ಪಕ್ಕದ ಗೂಡಿನಲ್ಲಿ ಹಗಲೆಲ್ಲ ಒಂದು ಹಣತೆ ಉರಿಯುತ್ತಿತ್ತು. ನನ್ನ ಹೆಂಡತಿ ಒಮ್ಮೆ ಕಿಚಾಯಿಸಿದಳು: "ಅಕ್ಕಾರ, ಸಕ್ಕರಿ ಹಳ್ಳು ಎಣಸಿ ಹಾಕ್ತೀರಿ, ಎಣ್ಣಿ ನೋಡಿದ್ರ ಹಿಂಗ ಸುರೀತೀರಲ್ರಿ?"

"ಎಣ್ಣಿ ಉಳಿಸಿದ ಮನ್ಯಾಗ ಬಾಳೇವು ಮಾಡಿ ಬಂದೀನವ್ವಾ," ಅಂದಳು ಅಕ್ಕ. "ಅದ ಸಾಕಾತು."

ಅದು ಕುರುಗೋಡಿನ ಮನೆ. ಅಕ್ಕನನ್ನು ಅಲ್ಲಿಗೆ ಕೊಟ್ಟಾಗ ನಾನು ಚಡ್ಡಿ ಹಾಕುವ ವಯಸ್ಸಿನವನು. ಬೆಟ್ಟದ ಬುಡದ ಆ ಮನೆಯ ಅಂಗಳದಲ್ಲಿ ಹಗೇವು ಇತ್ತು. ಹಗೇವು ಅಂದರೆ ನೆಲದೊಳಗೆ ಬಾವಿಯಂತೆ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಹಾಸಿ ಮಣ್ಣು ಮೆತ್ತಿದ ಕಣಜ. ತೆರೆದ ಕೂಡಲೇ ಯಾರೂ ಇಳಿಯಬಾರದು. ಹಗ್ಗಕ್ಕೆ ದೀಪ ಕಟ್ಟಿ ಬಿಡಬೇಕು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದು ಅರ್ಥ. ಒಂದು ದಿನ ಹಗೇವು ತೆರೆದು ಅಕ್ಕ ದೀಪ ತರಲು ಹೋದಾಗ ಅತ್ತೆ ತಡೆದಳಂತೆ: "ಹಾಡೇ ಹಗಲ ದೀಪ ಯಾಕ? ಎಣ್ಣಿ ದಂಡ." ಬಾವ ಇಳಿದ. ಮೇಲೆ ಬರಲಿಲ್ಲ. ಕಲ್ಲಿನ ಅಂಚಿನಿಂದ ಬಗ್ಗಿ ನೋಡಿದರೆ ಜೋಳದ ಮೇಲೆ ಮೊಣಕಾಲು ಮಡಚಿ, ಸುಸ್ತಾದವನಂತೆ ಕೂತಿದ್ದನಂತೆ. "ಕುಂತಿದ್ದ ತಮ್ಮಾ, ಸುಮ್ಮನ ಕುಂತಿದ್ದ," ಎಂದು ಅಕ್ಕ ನನಗೆ ಒಂದೇ ಸಲ ಹೇಳಿದ್ದು.

ಇದೆಲ್ಲ ಗೊತ್ತಿದ್ದೂ ನಾನು ಆ ಕೆಲಸ ಮಾಡಿದೆ.

ನನ್ನ ಮಗಳನ್ನು ಸಿರುಗುಪ್ಪದ ಕಡೆ ಕೊಟ್ಟಿದ್ದೇವೆ. ಬೀಗರು ಭತ್ತ ಬೆಳೆಯುವವರು. ಮಗಳ ಮದುವೆಯಲ್ಲಿ ಹಂಡೆಯ ತಳದಲ್ಲಿ ಉಳಿದ ಅನ್ನವನ್ನು ಅಕ್ಕ ಸಂಡಿಗೆ ಮಾಡಲೆಂದು ಛತ್ರದ ಮಾಳಿಗೆ ಮೇಲೆ ಒಣಹಾಕಿದ್ದಳು. ಬೀಗರು ಅದನ್ನು ಕಂಡು, "ಏನ್ರಿ ಬೀಗರ, ನಮ್ಮ ಮುಂದ ಬಡಿಸಿದ್ದನ್ನ ಮತ್ತ ನಮಗ ಕರದು ಹಾಕಾವ್ರೇನು?" ಎಂದು ಎಲ್ಲರ ಎದುರಿಗೆ ನಕ್ಕಿದ್ದರು. ಮೊಮ್ಮಗಳ ತೊಟ್ಟಿಲು ಕಾರ್ಯ ಬಂದಾಗ ಆ ನಗು ನನ್ನ ಕಿವಿಯಲ್ಲಿತ್ತು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ಭತ್ತ ಬೆಳೆಯುವವರ ಎಲೆಗೆ ಬಿಡಿಬಿಡಿಯಾದ ಹಳೆ ಅಕ್ಕಿಯ ಅನ್ನವೇ ಬೀಳಬೇಕೆಂದು ಹಟ ಹುಟ್ಟಿತು. ಕೇಳಿದ್ದರೆ ಅಕ್ಕ ಕೊಡುತ್ತಿದ್ದಳು. ಆದರೆ ಬಂದು ಅಳೆಯುತ್ತಿದ್ದಳು, ಉಳಿದದ್ದನ್ನು ಬಳಿಯುತ್ತಿದ್ದಳು, ಬೀಗರು ಮತ್ತೆ ನಗುತ್ತಿದ್ದರು. ಅದಕ್ಕೇ ಕೇಳಲಿಲ್ಲ.

ಸೋಮವಾರ ಆಕೆ ಹಲಕುಂದಿಯ ಮಠಕ್ಕೆ ಹೋದಾಗ ಡ್ರಮ್ಮು ತೆರೆದೆ. ಮೇಲೆ ಹರವಲು ಬೇಕಾದಷ್ಟು ಬಿಟ್ಟು ಅಕ್ಕಿಯನ್ನೆಲ್ಲ ಚೀಲಕ್ಕೆ ತುಂಬಿ ಸಾಗಿಸಿದೆ. ತಳಕ್ಕೆ ಭತ್ತದ ಹೊಟ್ಟನ್ನು ಚೀಲದಲ್ಲಿ ಬಿಗಿದು ತುರುಕಿ, ಮೇಲೆ ಗೇಣುದ್ದ ಅಕ್ಕಿ ಹರವಿ, ಮೊದಲಿದ್ದ ಮಟ್ಟಕ್ಕೇ ತಂದೆ. ಹೊಸ ಬೆಳೆ ಬಂದ ಮೇಲೆ ತುಂಬಿದರಾಯಿತು ಎಂದುಕೊಂಡೆ. ಕಾರ್ಯ ಚೆನ್ನಾಗಿ ಆಯಿತು. ಬೀಗರು ಅನ್ನವನ್ನು ಹೊಗಳಿದರು. ಹೊಸ ಬೆಳೆ ಬಂತು. ನಾನು ತುಂಬಲಿಲ್ಲ.

ಆ ಸೋಮವಾರ ಅಕ್ಕ ಮಠದಿಂದ ಬಂದ ಮರುದಿನ ಬೆಳಿಗ್ಗೆ ನಾನು ಮಷಿನ್ನಿಗೆ ದಾರ ಪೋಣಿಸುತ್ತಿದ್ದೆ. ಹಿಂದಿನ ಕೋಣೆಯಿಂದ ಎಂದಿನ ಟಕ್ ಟಕ್ ಸಾಲಾಗಿ ಬರುತ್ತಿದ್ದುದು ಕೊನೆಯಲ್ಲಿ ನಿಂತುಬಿಟ್ಟಿತು. ಹೋಗಿ ನೋಡಿದರೆ ಅಕ್ಕ ಬೆರಳನ್ನು ಸುಟ್ಟುಕೊಂಡವಳಂತೆ ಎದೆಗೆ ಒತ್ತಿ ಹಿಡಿದಿದ್ದಾಳೆ.

"ತಮ್ಮಾ, ಒಳಗ ಯಾರೋ ಕುಂತಾರಲೇ."

"ಇಲಿ ಇರಬೇಕು ಬಿಡಕ್ಕಾ."

"ಇಲಿ ಓಡಾಡತೈತಿ. ಇದು ಕುಂತೈತಿ. ಉಸುರು ಬಿಗಿ ಹಿಡದು ಕುಂತೈತಿ."

ನಾನೂ ತಟ್ಟಿದೆ. ಅಕ್ಕಿ ಇದ್ದಾಗ ಬರುವ ಭಾರದ ಸದ್ದಲ್ಲ, ಖಾಲಿ ತಗಡಿನ ಸದ್ದೂ ಅಲ್ಲ. ಮೈತುಂಬ ಹೊದ್ದುಕೊಂಡವರ ಬೆನ್ನು ತಟ್ಟಿದ ಹಾಗಿತ್ತು. ಹೊಟ್ಟು ಎಂದು ಗೊತ್ತಿದ್ದವನೂ ಎರಡನೇ ಸಲ ತಟ್ಟಲಿಲ್ಲ.

ಆ ಮಧ್ಯಾಹ್ನ ದೀಪ ಇಳಿಸೆಂದಳು. ಮುಚ್ಚಳ ತೆಗೆದು, ಚಿಕ್ಕ ಹಣತೆಯನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟೆ. ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ ಅಕ್ಕ ಡ್ರಮ್ಮಿನ ಕಂಠಕ್ಕೆ ಮುಖ ಹಚ್ಚಿ ನಿಂತಳು. ಕೆಳಗೆ ಅಕ್ಕಿ ಬೆಳ್ಳಗೆ ಹೊಳೆಯಿತು. ಉರಿ ಅಲ್ಲಾಡಲಿಲ್ಲ.

"ಆರಲಿಲ್ಲ ನೋಡಕ್ಕಾ. ಯಾರೂ ಇಲ್ಲ."

ಅಕ್ಕ ಕಂಠದಿಂದ ಮುಖ ಎತ್ತಿದಳು. ಆಮೇಲೆ ಮೆಲ್ಲಗೆ ಅಂದಳು: "ಆರಲಿಲ್ಲ ಅಂದ್ರ ಒಳಗ ಗಾಳಿ ಐತಿ. ಒಳಗಿರೋನು ಬದುಕ್ಯಾನ. ಪಾಪ, ಹಸದಿರತಾನ."

ಅಂದಿನಿಂದ, ಅಳೆದ ಅಕ್ಕಿಯಿಂದ ಹಿಂದಕ್ಕೆ ತೆಗೆಯುತ್ತಿದ್ದ ಹಿಡಿ ಡಬ್ಬಿಗೆ ಹೋಗಲಿಲ್ಲ, ಡ್ರಮ್ಮಿಗೆ ಹೋಯಿತು. ಬರಬರುತ್ತ ಒಂದು ಹಿಡಿ ಎರಡಾಯಿತು. ಸುಮ್ಮಸುಮ್ಮನೆ ಮುಚ್ಚಳ ತೆರೆಯದವಳು ಈಗ ಎರಡು ಹೊತ್ತೂ ತೆರೆಯುತ್ತಿದ್ದಳು. ಅಕ್ಕಿ ಸುರಿದು, ಒಳಕ್ಕೆ ಬಗ್ಗಿ ಮಾತಾಡುತ್ತಿದ್ದಳು. ತಗಡಿನೊಳಗಿಂದ ಆಕೆಯ ದನಿ ಬೇರೆಯವರ ದನಿಯಾಗಿ ತಿರುಗಿ ಬರುತ್ತಿತ್ತು.

"ಹೊರಗ ಬಾರೋ. ಎಷ್ಟು ದಿನ ಅಂತ ಕೂರತಿ? ನಾ ಏನೂ ಅನ್ನಂಗಿಲ್ಲ. ಬಾ."

ಮಷಿನ್ನಿನ ಮುಂದೆ ಕೂತ ನನಗೆ ಅದು ಕೇಳುತ್ತಿತ್ತು. ಪೆಡಲನ್ನು ಜೋರಾಗಿ ತುಳಿಯುತ್ತಿದ್ದೆ. ಹೊಟ್ಟು ಎಂಬ ಒಂದು ಮಾತು ಆಡಿದ್ದರೆ ಆಕೆಯ ಭಯ ಅಲ್ಲಿಗೇ ಮುಗಿಯುತ್ತಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅನ್ನುತ್ತಲೇ ಎರಡು ಸುಗ್ಗಿ ಕಳೆದವು. ಒಮ್ಮೆ ಮನೆಯಲ್ಲಿ ಯಾರೂ ಇಲ್ಲದಾಗ ಹೊಟ್ಟನ್ನು ತೆಗೆದೇಬಿಡೋಣವೆಂದು ಹೋಗಿ ಮುಚ್ಚಳಕ್ಕೆ ಕೈ ಹಾಕಿದೆ. ಒಳಗೆ ಅಕ್ಕಿ ಸರ್ರನೆ ಜಾರಿತು, ಯಾರೋ ಕೂತಲ್ಲೇ ಮಗ್ಗಲು ಬದಲಿಸಿದಂತೆ. ಕೈ ತೆಗೆದು ಹೊರಗೆ ಬಂದೆ. ಆ ಬೀದಿಯ ಗದ್ದಲದಲ್ಲಿ, ಆಟೋಗಳ ನಡುವೆ ನಿಂತ ಮೇಲೆಯೇ ನನಗೆ ಧೈರ್ಯ ಬಂದದ್ದು.

ಅಕ್ಕನ ಕುಪ್ಪಸದ ತೋಳುಗಳು ಜೋಲತೊಡಗಿದವು. ನನ್ನ ಹೆಂಡತಿ ತಾಟು ಹಚ್ಚಿ ಒಯ್ದರೆ, "ನನ್ನ ಊಟಾತವ್ವಾ," ಎಂದು ಹಿಂದೆ ಕಳಿಸುತ್ತಿದ್ದಳು. ದವಾಖಾನೆಯಲ್ಲಿ ಮೈಯಲ್ಲಿ ರಕ್ತವಿಲ್ಲ ಎಂದರು, ಗುಳಿಗೆ ಕೊಟ್ಟರು. ವಯಸ್ಸಾಯಿತಲ್ಲ ಎಂದು ನಾವು ಅಂದುಕೊಂಡೆವು. ಹೆಂಡತಿ ನಿಜವಾಗಿ ಹಾಗಂದುಕೊಂಡಿದ್ದಳು. ನಾನು ಅಂದುಕೊಂಡಂತೆ ಮಾಡಿದೆ.

ಕೊನೆಗೆ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ತನ್ನನ್ನು ಎತ್ತಿ ಡ್ರಮ್ಮಿನ ಹತ್ತಿರ ಕೂರಿಸೆಂದಳು. ಎತ್ತಿದೆ, ತುಂಡು ಬಟ್ಟೆಯ ಗಂಟಿನಷ್ಟು ಹಗುರವಿದ್ದಳು. ಡ್ರಮ್ಮಿನ ಕಂಠದ ಹತ್ತಿರ ಆ ಕಪ್ಪು ಗೆಣ್ಣಿನಿಂದ ಒಮ್ಮೆ ತಟ್ಟಿ, ಕಿವಿ ಹಚ್ಚಿ, ಸಮಾಧಾನದ ಮುಖ ಮಾಡಿದಳು.

"ತುಂಬೇತಿ. ಇನ್ನ ನಿಮಗ ಕಷ್ಟ ಬಂದ್ರ ಚಿಂತಿ ಇಲ್ಲ." ಆಮೇಲೆ ನನ್ನ ಕಡೆ ತಿರುಗದೆ, ಪೇಟೆಯಿಂದ ಏನೋ ತರಲು ಹೇಳುವ ದನಿಯಲ್ಲಿ ಅಂದಳು: "ತಳದಾಗಿನ ಹೊಟ್ಟು ಒಂದು ತಗದು ಹಾಕಪಾ. ಹುಳ ಹಿಡದ್ರ ಮ್ಯಾಗಿಂದೆಲ್ಲಾ ಹಾಳಾಗತೈತಿ."

ಯಾವಾಗ ತಿಳಿದಿತ್ತೋ. ನಾನು ಜೇಬು ಕೂರಿಸುತ್ತ ಕೂತ ದಿನಗಳಲ್ಲೆಲ್ಲ ಹೊರಗೆ ಬಾ ಎಂದು ಕರೆಯುತ್ತಿದ್ದುದು ಬಾವನನ್ನೋ, ನನ್ನನ್ನೋ. ಆ ಹೊತ್ತಿನಲ್ಲಾದರೂ ಅಕ್ಕನ ಕಾಲು ಹಿಡಿಯಬೇಕಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ:

"ಯಾವ ಹೊಟ್ಟಕ್ಕಾ?"

ಅಕ್ಕ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಹಗೇವಿನ ಕಲ್ಲಿನ ಅಂಚಿನಿಂದ ಬಗ್ಗಿ ಕೆಳಗೆ ನೋಡುವವರು ಹಾಗೆ ನೋಡುತ್ತಾರೇನೋ. ಆಮೇಲೆ ಮಲಗಿಸು ಎಂದಳು. ಅದರ ಮರುದಿನ ಹೋದಳು.

ದಿನಕರ್ಮದ ಅಡುಗೆಗೆ ಆ ಡ್ರಮ್ಮಿನ ಅಕ್ಕಿಯನ್ನೇ ತೆಗೆದೆವು. ಕಂಠದವರೆಗೂ ಇತ್ತು. ರೇಷನ್ ಅಕ್ಕಿ, ನುಚ್ಚು, ಸಣ್ಣ ಅಕ್ಕಿ, ದಪ್ಪ ಅಕ್ಕಿ, ಅಕ್ಕನ ಬಾಯಿಂದ ತಪ್ಪಿ ಬಂದ ಎಲ್ಲ ಬಗೆಯೂ ಪದರ ಪದರವಾಗಿ ಕೂತಿತ್ತು. ಬೀಗರು ಉಂಡು, ಅನ್ನ ಒಂದೊಂದು ಕಡೆ ಒಂದೊಂದು ಥರ ಬೆಂದಿದೆ ಎಂದರು. ನಾನು ಅವರ ಎಲೆಗೆ ಮತ್ತೊಂದು ಸೌಟು ಬಡಿಸಿದೆ. ಏಳನೇ ಕ್ಲಾಸಿಗೆ ಸಾಲೆ ಬಿಟ್ಟವನು ನಾನು, ಬರೆದು ರೂಢಿಯಿಲ್ಲ. ಬಾಯಿಂದ ಹೇಳಲಾಗದ್ದಕ್ಕೆ ಇಲ್ಲಿ ಬರೆದಿದ್ದೇನೆ.

ಗೂಡಿನ ದೀಪ ಆರದಂತೆ ಈಗ ನಾನು ಎಣ್ಣೆ ಹಾಕುತ್ತೇನೆ. ಅಳೆದ ಅಕ್ಕಿಯಿಂದ ಒಂದು ಹಿಡಿ ಡ್ರಮ್ಮಿಗೆ ಸುರಿಯುತ್ತೇನೆ. ಹೊಟ್ಟಿನ ಚೀಲ ಇನ್ನೂ ತಳದಲ್ಲೇ ಇದೆ. ತೆಗೆಯಲು ಕೈ ಏಳುತ್ತಿಲ್ಲ. ಬೆಳಿಗ್ಗೆ ಸಾಲಿನ ಡಬ್ಬಿಗಳನ್ನೆಲ್ಲ ತಟ್ಟುತ್ತ ಬಂದು ಕೊನೆಗೆ ಡ್ರಮ್ಮನ್ನು ನಡುಮಟ್ಟದಲ್ಲಿ ತಟ್ಟಿದರೆ ತುಂಬಿದ ಸದ್ದು ಬರುತ್ತದೆ. ಬಗ್ಗಿ ತಳದ ಹತ್ತಿರ ತಟ್ಟಿದರೆ ಒಳಗೆ ಒಬ್ಬ ಇನ್ನೂ ಕೂತಿದ್ದಾನೆ. ಬಾ ಎಂದು ಕರೆಯುವವರು ಈಗ ಈ ಮನೆಯಲ್ಲಿ ಯಾರೂ ಇಲ್ಲ.