ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಕೋವಿಡ್ ಕಾಲದಲ್ಲಿ ನಮ್ಮ ಬೀದಿಯವರೆಲ್ಲ ಏನಾದರೊಂದು ಹುಚ್ಚು ಹಿಡಿಸಿಕೊಂಡರು. ಎದುರು ಮನೆಯವರು ನಾಯಿ ತಂದರು. ಪಕ್ಕದ ಮನೆಯವರು ಬ್ರೆಡ್ ಮಾಡಲು ಶುರು ಮಾಡಿ ನಮಗೂ ತಿನ್ನಿಸಿದರು. ನಾನು ಕಾರು ತಂದೆ. ಎರಡು ಬಾಗಿಲು, ಎಂಟು ಸಿಲಿಂಡರ್. ಹಿಂದಿನ ಸೀಟಿನಲ್ಲಿ ಕೂರುವವರು ಕಾಲನ್ನು ಮನೆಯಲ್ಲೇ ಇಟ್ಟು ಬರಬೇಕು. ಇಲ್ಲಿ ಅಮೆರಿಕದವರು ಇದನ್ನು ಮಸಲ್ ಕಾರ್ ಅನ್ನುತ್ತಾರೆ. ಮೊದಲು ದೊಡ್ಡ ಎಂಜಿನ್ ಮಾಡಿ, ಆಮೇಲೆ ಅದರ ಸುತ್ತ ಕಾರು ಕಟ್ಟಿರುತ್ತಾರೆ.

ವರ್ಜಿನಿಯಾದ ಆಲ್ಡಿಯಲ್ಲಿ ನಮ್ಮ ಟೌನ್‌ಹೌಸ್ ಮುಂದೆ ಅದನ್ನು ನಿಲ್ಲಿಸಿದಾಗ ನನ್ನ ಹೆಂಡತಿ ಹೊರಗೆ ಬಂದಳು. ಅವಳು ಹುಬ್ಬಳ್ಳಿಯವಳು. ಬೈಯುವ ಮುಂಚೆ ಒಂದು ಪ್ರಶ್ನೆ ಕೇಳುವುದು ಅವಳ ಪದ್ಧತಿ.

"ಇದರಾಗ ಅಕ್ಕಿ ಚೀಲ ಎಲ್ಲಿ ಇಡೂದ್ರಿ?"

"ಇದು ಅಕ್ಕಿ ತರೋಕಲ್ಲ."

"ಮತ್ತ ಯಾತಕ್ಕ?"

ನಾನು ಬಾನೆಟ್ ಎತ್ತಿ ನೋಡಿದೆ. ಉತ್ತರ ಅಲ್ಲಿರಲಿಲ್ಲ ಎಂದು ನನಗೆ ಗೊತ್ತಿತ್ತು.

ನನಗೆ ಎರಡು ವರ್ಷವಾಗಿದ್ದಾಗ ಪೋಲಿಯೊ ಬಂದು ಎಡಗಾಲು ಬೆಳೆಯುವುದನ್ನು ಅಲ್ಲಿಗೇ ನಿಲ್ಲಿಸಿತು. ಮಿಕ್ಕ ನಾನು ಬೆಳೆದೆ. ಮೈಸೂರಿನಲ್ಲಿ ನಮ್ಮ ಬೀದಿಯ ಪ್ರತಿಯೊಬ್ಬ ಹಿರಿಯರೂ ನನ್ನನ್ನು ಕಂಡೊಡನೆ ಹೇಳುತ್ತಿದ್ದದ್ದು ಒಂದೇ ಮಾತು: "ಕೈ ಹಿಡ್ಕೋ ಮರಿ, ಬಿದ್ಗಿದ್ದೀಯಾ." ನಾನು ಬೀಳುತ್ತಿದ್ದದ್ದು ಅಪರೂಪ. ಆ ಮಾತು ಕೇಳಿದಾಗ ಮಾತ್ರ ಯಾರನ್ನಾದರೂ ಬೀಳಿಸಬೇಕು ಅನ್ನಿಸುತ್ತಿತ್ತು.

ನಾಲ್ಕನೇ ತರಗತಿಯಲ್ಲಿದ್ದಾಗ ಶಾಲೆಯ ಕ್ರೀಡಾದಿನದಂದು ಪಿಟಿ ಮೇಷ್ಟ್ರು ನನ್ನನ್ನೂ ಓಟಕ್ಕೆ ನಿಲ್ಲಿಸಿದರು. ಆದರೆ ಗೆರೆಯ ಮೇಲಲ್ಲ, ಮೈದಾನದ ಅರ್ಧ ದಾರಿಯಲ್ಲಿ. "ನೀನು ಇಲ್ಲಿಂದ ಓಡು" ಅಂದರು. ಸೀಟಿ ಊದಿದಾಗ ಓಡಿದೆ. ಹಿಂದಿನಿಂದ ಬಂದವರೆಲ್ಲ ನನ್ನನ್ನು ದಾಟಿ ಹೋದರು. ಕೊನೆಯಲ್ಲಿ ಮೈಕಿನಲ್ಲಿ ನನ್ನ ಹೆಸರು ಕೂಗಿ ಒಂದು ಸ್ಟೀಲ್ ಲೋಟ ಕೊಟ್ಟರು. ಅದರ ಮೇಲೆ "ಸಮಾಧಾನಕರ ಬಹುಮಾನ" ಎಂದು ಕೊರೆಸಿದ್ದರು. ಇಡೀ ಶಾಲೆ ಚಪ್ಪಾಳೆ ತಟ್ಟಿತು. ಗೆದ್ದವನಿಗೂ ಅಷ್ಟು ಜೋರಾಗಿ ತಟ್ಟಿರಲಿಲ್ಲ. ಸಮಾಧಾನ ಮಾತ್ರ ನನಗೆ ಇವತ್ತಿಗೂ ಆಗಿಲ್ಲ. ಲೋಟ ಹೇಗೋ ನಮ್ಮ ಜೊತೆ ಅಮೆರಿಕಕ್ಕೂ ಬಂತು. ಹೆಂಡತಿ ಅದರಲ್ಲಿ ಅಕ್ಕಿ ಅಳೆಯುತ್ತಾಳೆ.

ಊರಿನಲ್ಲಿ ನಾನು ಕಾರು ಓಡಿಸಲೇ ಇಲ್ಲ. ಆಗ ಎಲ್ಲ ಕಾರುಗಳಿಗೂ ಕ್ಲಚ್ ಇತ್ತು, ಕ್ಲಚ್ ಇರುವುದು ಎಡಗಾಲಿಗೆ. ಅಮೆರಿಕಕ್ಕೆ ಬಂದ ಮೇಲೆ ನೋಡುತ್ತೇನೆ, ಇಲ್ಲಿಯ ಆಟೋಮ್ಯಾಟಿಕ್ ಗಾಡಿಗಳಲ್ಲಿ ಯಾರ ಎಡಗಾಲಿಗೂ ಕೆಲಸವಿಲ್ಲ. ನನ್ನದು ಮೊದಲಿನಿಂದಲೂ ನಿರುದ್ಯೋಗಿ. ಮೊದಲ ಸಲ ನಾನು ಎಲ್ಲರ ಸಮ ಆದೆ.

ಹಾಗಾಗಿ ನನ್ನ ಮಸಲ್ ಕಾರೂ ಆಟೋಮ್ಯಾಟಿಕ್. ಭಾನುವಾರ ಬೆಳಿಗ್ಗೆ ಪಕ್ಕದ ಊರು ಆಶ್‌ಬರ್ನ್‌ನ ಒಂದು ಪಾರ್ಕಿಂಗ್ ಲಾಟ್‌ನಲ್ಲಿ ಇಂಥ ಕಾರುಗಳವರು ಸೇರಿ ಕಾಫಿ ಕುಡಿಯುತ್ತಾರೆ. ನಾನೂ ಹೋದೆ. ಬಂದವರು ಎಂಜಿನ್ ನೋಡಿ ತಲೆದೂಗುತ್ತಿದ್ದರು. ಆಮೇಲೆ ಕಿಟಕಿಯಲ್ಲಿ ಬಗ್ಗಿ, ಎರಡೇ ಪೆಡಲ್ ಇರುವುದನ್ನು ಕಂಡು, "ಓ, ಆಟೋಮ್ಯಾಟಿಕ್ಕಾ?" ಎಂದು ಸಾವಿನ ಮನೆಗೆ ಬಂದವರ ದನಿಯಲ್ಲಿ ಕೇಳುತ್ತಿದ್ದರು. ಅವರ ಲೆಕ್ಕದಲ್ಲಿ ಇಂಥ ಕಾರಿಗೆ ಕ್ಲಚ್ ಇದ್ದರೇ ಮರ್ಯಾದೆ. ನಾನು ಹೌದು ಅನ್ನುತ್ತಿದ್ದೆ. ಕಾಲಿನ ವಿಷಯ ಹೇಳುತ್ತಿರಲಿಲ್ಲ. ಹೇಳಿದರೆ ಅವರು ಕನಿಕರಪಟ್ಟು ಕಾರನ್ನು ಹೊಗಳಲು ಶುರು ಮಾಡುತ್ತಾರೆ.

ಅಲ್ಲಿಯ ಒಬ್ಬರು ಉತ್ತರ ಕೆರೊಲಿನಾದ ಒಂದು ಡ್ರ್ಯಾಗ್ ಸ್ಟ್ರಿಪ್‌ನ ವಿಷಯ ಹೇಳಿದರು. ನೇರವಾದ ರಸ್ತೆ, ಮೈಲಿಯ ಎಂಟನೇ ಒಂದು ಭಾಗ ಉದ್ದ, ಎರಡೆರಡು ಕಾರು ಪಕ್ಕಪಕ್ಕದಲ್ಲಿ ನಿಂತು ಓಡುತ್ತವೆ. ಶನಿವಾರ ಯಾರು ಬೇಕಾದರೂ ಹೋಗಬಹುದು. ನಾನೂ ಹೆಂಡತಿಯೂ ಅವಲಕ್ಕಿ ಕಟ್ಟಿಕೊಂಡು ಹೋದೆವು.

ಆ ಓಟದ ನಿಯಮ ಅಲ್ಲಿಗೆ ಹೋದ ಮೇಲೆ ತಿಳಿಯಿತು. ನಿಮ್ಮ ಕಾರು ಎಷ್ಟು ಸೆಕೆಂಡಿನಲ್ಲಿ ಓಡುತ್ತದೆ ಎಂದು ನೀವೇ ಗಾಜಿನ ಮೇಲೆ ಬರೆಯಬೇಕು. ಇಬ್ಬರ ಸಂಖ್ಯೆಗಳ ನಡುವಿನ ವ್ಯತ್ಯಾಸದಷ್ಟು ಮುಂಚೆ, ನಿಧಾನದ ಕಾರಿಗೆ ಹಸಿರು ದೀಪ ಬರುತ್ತದೆ. ಆಮೇಲೆ ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದರು. ಆದರೆ ಬರೆದದ್ದಕ್ಕಿಂತ ಬೇಗ ಓಡಿದರೆ, ಸುಳ್ಳು ಹೇಳಿದ ಹಾಗೆ, ಸೋತರು. ಕೇಳಲು ಬಹಳ ನ್ಯಾಯವಾಗಿದೆ. ನನಗೆ ಪಿಟಿ ಮೇಷ್ಟ್ರ ದನಿ ಕೇಳಿಸಿತು.

ನನ್ನ ಪಕ್ಕ ಬಂದು ನಿಂತದ್ದು ತುಕ್ಕು ಹಿಡಿದ ಒಂದು ಹಳೆಯ ಪಿಕಪ್, ಅದರಲ್ಲಿ ಬಿಳಿ ಗಡ್ಡದ ಅಜ್ಜ. ಅದು ನನ್ನ ಕಾರಿಗಿಂತ ಎಷ್ಟೋ ವೇಗದ್ದಂತೆ. ನನಗೆ ಮೊದಲು ಹಸಿರು ಬಂತು, ಹೋದೆ. ಅಜ್ಜ ಆತುರಪಟ್ಟು ತಮ್ಮ ಹಸಿರಿಗಿಂತ ಮುಂಚೆ ಬಿಟ್ಟರಂತೆ, ಹಾಗೆ ಬಿಟ್ಟರೂ ಸೋತ ಹಾಗೆ, ನಾನು ಗೆದ್ದೆ. ಅಜ್ಜ ಬಂದು ಕೈಕುಲುಕಿದರು. ಹೆಂಡತಿ ಚಪ್ಪಾಳೆ ತಟ್ಟಿದಳು. ನನಗೆ ಬಂದ ಸಿಟ್ಟು ಎಂಥದ್ದೆಂದರೆ, ವಾಪಸು ವರ್ಜಿನಿಯಾ ಮುಟ್ಟುವವರೆಗೆ ಅವಲಕ್ಕಿಯ ಡಬ್ಬಿ ತೆರೆಯಲಿಲ್ಲ.

"ಗೆದ್ದೀರಲ್ರಿ, ಮಾರಿ ಯಾಕ ಹಂಗ?" ಎಂದು ಅವಳು ಕೇಳಿದಾಗ ಹೇಳಿದೆ: "ಇನ್ಮೇಲೆ ಯಾರೂ ನನ್ನನ್ನ ಮೊದ್ಲು ಬಿಡಬಾರದು. ನಾನೇ ಬೇರೆಯವ್ರನ್ನ ಬಿಡಬೇಕು."

ಕಾರು ಯಾತಕ್ಕೆ ಎಂಬ ಅವಳ ಪ್ರಶ್ನೆಗೆ ಅದೇ ಉತ್ತರವಾಗಿತ್ತು. ಅವಳಿಗೆ ಅರ್ಥವಾಗಿರಬೇಕು. ಮತ್ತೆ ಕೇಳಲಿಲ್ಲ.

ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಬಾಗಲಕೋಟೆಯವನು, ಮೂಳೆ ಡಾಕ್ಟರು. ವಾರವೆಲ್ಲ ಮಂಡಿ ಬದಲಾಯಿಸುತ್ತಾನೆ, ರಜೆಯಲ್ಲಿ ಗೇರ್‌ಬಾಕ್ಸ್ ಬಿಚ್ಚುತ್ತಾನೆ. ಕಾರನ್ನು ಆಳೆತ್ತರಕ್ಕೆ ಎತ್ತುವ ಲಿಫ್ಟ್ ಅವನ ಗ್ಯಾರೇಜಿನಲ್ಲಿದೆ. ಅವನಿಗೂ ನನಗೂ ಒಂದೇ ಹಳೆಯ ಜಗಳ. ಅಂಗವಿಕಲರ ಪಾರ್ಕಿಂಗಿಗೆ ಕನ್ನಡಿಗೆ ತೂಗುಹಾಕುವ ನೀಲಿ ಬಿಲ್ಲೆ ಇದೆಯಲ್ಲ, ಅದಕ್ಕೆ ಸರ್ಟಿಫಿಕೇಟ್ ಬರೆದುಕೊಡುತ್ತೇನೆ ಎಂದು ಅವನು, ಬೇಡ ಎಂದು ನಾನು. ನಾನು ಬೇಕೆಂದೇ ಪಾರ್ಕಿಂಗ್ ಲಾಟ್‌ನ ಕೊನೆಯ ಮೂಲೆಯಲ್ಲಿ ಕಾರು ನಿಲ್ಲಿಸುತ್ತೇನೆ. ಇಂಡಿಯನ್ ಅಂಗಡಿಯಿಂದ ಅಲ್ಲಿಯವರೆಗೆ ಹೆಂಡತಿ ಅಕ್ಕಿ ಚೀಲ ಹೊತ್ತು ನನ್ನ ಪಕ್ಕದಲ್ಲೇ ಬರುತ್ತಾಳೆ. ನಾನು ಎಷ್ಟು ನಿಧಾನವೋ ಅಷ್ಟೇ ನಿಧಾನ. ಅವಳೊಬ್ಬಳೇ ಇದ್ದಾಗ ಹೇಗೆ ನಡೆಯುತ್ತಾಳೆಂದು ನಾನು ಮಹಡಿಯ ಕಿಟಕಿಯಿಂದ ನೋಡಿದ್ದೇನೆ. ಮನೆಯ ಹಿಂದಿನ ಕೆರೆ ಸುತ್ತ ಸಂಜೆ ಹೆಂಗಸರೆಲ್ಲ ವಾಕಿಂಗ್ ಹೋದರೆ ಇವಳು ಮೊಣಕೈ ಬೀಸುತ್ತ ಎಲ್ಲರಿಗಿಂತ ಮುಂದೆ. ಮದುವೆಯಾದಾಗಿನಿಂದ ನನಗಾಗಿ ಹೆಜ್ಜೆ ಸಣ್ಣದು ಮಾಡಿಕೊಂಡಿದ್ದಾಳೆ. ಅದನ್ನು ನಾನು ನೋಡಿದೆನೆಂದು ಹೇಳಿದ್ದೂ ಇಲ್ಲ, ಕ್ಷಮಿಸಿದ್ದೂ ಇಲ್ಲ.

ಮುಂದಿನ ಎರಡು ವರ್ಷ ರಜೆ ಸಿಕ್ಕಿದಾಗಲೆಲ್ಲ ಎರಡು ಕೆರೊಲಿನಾಗಳನ್ನೂ ದಾಟಿ ನಾರ್‌ಕ್ರಾಸ್‌ಗೆ ಓಡಿದೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ತುಂಬಿದ ಒಂದು ಡಬ್ಬಿ ಇರುತ್ತದೆ, ಟಾರ್ಕ್ ಕನ್ವರ್ಟರ್ ಅಂತ. ಮೊದಲು ಅದನ್ನು ಬದಲಾಯಿಸಿದೆವು. ಹೊಸದು ಎಂಜಿನ್ ಚೆನ್ನಾಗಿ ಮೇಲೇರುವವರೆಗೆ ಕಾರನ್ನು ಪೂರ್ತಿ ಎಳೆಯುವುದಿಲ್ಲ, ಆಮೇಲೆ ಒಂದೇ ಸಲ ಎಳೆಯುತ್ತದೆ. ಕುಕ್ಕರಿಗೆ ಇನ್ನೂ ಭಾರದ ವಿಷಲ್ ಇಟ್ಟ ಹಾಗೆ. ಅದರಿಂದ ಗೇರ್‌ಬಾಕ್ಸಿನ ಎಣ್ಣೆ ಕಾಯತೊಡಗಿತು, ತಣ್ಣಗಾಗಿಸಲು ಒಂದು ಕೂಲರ್ ಕೂರಿಸಿದೆವು. ಹಿಂದಿನ ಆಕ್ಸಲ್‌ನ ಗೇರು ಹೋಯಿತು. ರಸ್ತೆ ಕಚ್ಚಿ ಹಿಡಿಯುವ ಮೆತ್ತನೆಯ ಟೈರುಗಳು ಬಂದವು. ಪ್ರತಿಯೊಂದು ರಿಪೇರಿಯೂ ಮುಂದಿನ ರಿಪೇರಿಯನ್ನು ಹೆತ್ತಿತು.

ಇಷ್ಟಾದರೂ ಅದು ಬೀದಿಯಲ್ಲೂ ಓಡಬೇಕಿತ್ತು, ನಾನು ಅದರಲ್ಲೇ ಆಫೀಸಿಗೆ ಹೋಗುತ್ತಿದ್ದೆ. ಆಶ್‌ಬರ್ನ್ ಸಿಗ್ನಲ್ಲುಗಳಲ್ಲಿ ಕಾರು ಮೊದಲು ಗುಡುಗುತ್ತಿತ್ತು, ಆಮೇಲೆ ಹೊರಡುತ್ತಿತ್ತು. ಒಮ್ಮೆ ಹೆಂಡತಿಯ ತೊಡೆಯ ಮೇಲಿದ್ದ ಸಾಂಬಾರಿನ ಪಾತ್ರೆ ಡ್ಯಾಶ್‌ಬೋರ್ಡಿಗೆ ಅಭಿಷೇಕ ಮಾಡಿತು. ಅವಳು ಒರೆಸಿದಳು, ಆದರೆ ಆ ವಾಸನೆ ಹೋಗಲಿಲ್ಲ. ಕಾಫಿ ಗುಂಪಿನವರು ಈಗ ಪೆಡಲ್ ನೋಡುವುದನ್ನು ಬಿಟ್ಟು ಮೂಗು ಏರಿಸುತ್ತಿದ್ದರು.

ಒಂದೇ ಒಂದು ತೊಡಕು ಉಳಿಯಿತು. ಆಟೋಮ್ಯಾಟಿಕ್ ಕಾರನ್ನು ಗೆರೆಯಿಂದ ಜೋರಾಗಿ ಬಿಡಬೇಕಾದರೆ ಎಡಗಾಲಲ್ಲಿ ಬ್ರೇಕ್ ಒತ್ತಿ ಹಿಡಿದು, ಬಲಗಾಲಲ್ಲಿ ಎಂಜಿನ್ ಏರಿಸಬೇಕು. ಎಡಗಾಲಿಗೆ ಕೆಲಸವಿಲ್ಲ ಎಂದೇ ತಂದ ಗಾಡಿಯಲ್ಲಿ ಕೊನೆಗೂ ಎಡಗಾಲಿಗೆ ಕೆಲಸ ಬಂತು. ಡಾಕ್ಟರ ಅಂಗಳದಲ್ಲಿ ಮಾಡಿ ನೋಡಿದೆ, ನನ್ನ ಕಾಲು ಬ್ರೇಕ್ ಹಿಡಿಯಲಿಲ್ಲ. ಕಾರು ಜಾರಿ ಗ್ಯಾರೇಜಿನ ಕಸದ ಡಬ್ಬಿಯನ್ನು ಅಪ್ಪಿಕೊಂಡಿತು. ನಾನು ಇಳಿದು ಬಾಗಿಲನ್ನು ಎರಡು ಸಲ ಬಡಿದೆ.

ಡಾಕ್ಟರು ಕಸ ಗುಡಿಸುತ್ತ ಹೇಳಿದ: "ಟ್ರಾನ್ಸ್‌ಬ್ರೇಕ್ ಹಾಕೂಣು. ಸ್ಟೀರಿಂಗ್ ಮ್ಯಾಲೆ ಒಂದು ಗುಂಡಿ. ಒತ್ತಿ ಹಿಡಿದ್ರ ಗೇರ್‌ಬಾಕ್ಸ್ ಲಾಕ್, ಬಿಟ್ರ ಗಾಡಿ ಹೋತು. ಹೆಬ್ಬಟ್ಟು ಒಂದಿದ್ರ ಸಾಕು."

"ನನ್ನಂಥವ್ರಿಗೆ ಅಂತ ಮಾಡಿರೋದಾ ಅದು?"

"ಏ ಮಾರಾಯ, ಎರಡೂ ಕಾಲು ನೆಟ್ಟಗಿದ್ದವ್ರ ಹಾಕ್ಕೊಂಡಾರ. ರೇಸಿನವ್ರು ಮಾಡ್ಕೊಂಡಿದ್ದದು. ಹಾಕ್ಲೋ ಬ್ಯಾಡೋ?"

"ಹಾಗಾದ್ರೆ ಹಾಕು" ಅಂದೆ.

ಅದಾದ ಮೇಲಿನ ವಸಂತದಲ್ಲಿ ಮತ್ತೆ ಅದೇ ಸ್ಟ್ರಿಪ್‌ಗೆ ಹೋದೆವು. ಡಾಕ್ಟರು ಅಟ್ಲಾಂಟಾ ಕಡೆಯಿಂದ ಬಂದ. ಮೆತ್ತನೆಯ ಟೈರುಗಳನ್ನು ನನ್ನ ಕಾರಿನಲ್ಲಿ ತುಂಬಲಾಗದ್ದರಿಂದ ಹೆಂಡತಿ ಅವನ್ನು ನಮ್ಮ ಮನೆಯ ದೊಡ್ಡ ಎಸ್‌ಯುವಿಯಲ್ಲಿ ಹೇರಿಕೊಂಡು ಹಿಂದೆ ಬಂದಿದ್ದಳು. ಟೈರು ಇಳಿಸಿದ ಮೇಲೆ ಆ ಗಾಡಿ ಖಾಲಿ ನಿಂತಿತ್ತು. ಹೆಸರು ಬರೆದುಕೊಳ್ಳುವವನು ನೀವೂ ಓಡಿಸುತ್ತೀರಾ ಎಂದು ಅವಳನ್ನು ಸುಮ್ಮನೆ ಕೇಳಿದ. ಇವಳು ಬೆಂಚಿನ ಕಡೆ ನೋಡಿದಳು, ಬಿಸಿಲು ನೋಡಿದಳು.

"ಸುಮ್ನ ಕೂಡೂದಕ್ಕಿಂತ ಛಲೋ" ಅಂದಳು. ಚಪ್ಪಲಿ ನಡೆಯುವುದಿಲ್ಲ ಎಂದಿದ್ದಕ್ಕೆ ಗಾಡಿಯಿಂದ ವಾಕಿಂಗ್ ಶೂ ತೆಗೆದು ಹಾಕಿಕೊಂಡಳು.

ಬೆಳಗಿನ ಅಭ್ಯಾಸದ ಓಟಗಳಲ್ಲಿ ಅವಳ ಗಾಡಿ ಪ್ರತಿ ಸಲವೂ ಹತ್ತೂವರೆ ಸೆಕೆಂಡಿಗೆ ಮುಟ್ಟಿತು. ಅವಳು ಗಾಜಿನ ಮೇಲೆ ಅದನ್ನೇ ಬರೆದಳು. ನಾನು ನನ್ನದರ ಮೇಲೆ ಏಳೂವರೆ ಎಂದು ಬರೆದೆ. ಮೊದಲ ಸುತ್ತಿನಲ್ಲಿ ನನ್ನ ಎದುರಾಳಿಯನ್ನು ಮೊದಲು ಬಿಟ್ಟರು. ನಾನು ಕಾದು, ಬಿಟ್ಟು, ಹಿಡಿದು, ಗೆದ್ದೆ. ಹುಡುಗರ ಹಾಗೆ ಹೆಲ್ಮೆಟ್ಟಿನೊಳಗೆ ಕೂಗಿದೆ. ಅವಳೂ ಯಾರನ್ನೋ ಸೋಲಿಸಿದಳು. ಎರಡನೇ ಸುತ್ತಿಗೆ ಸಾಲಿನಲ್ಲಿ ಮುಂದೆ ಸರಿದು ಪಕ್ಕಕ್ಕೆ ತಿರುಗಿದರೆ, ನಮ್ಮ ಮನೆಯ ಎಸ್‌ಯುವಿ. ಡಾಕ್ಟರು ಬೇಲಿ ಹಿಡಿದು ಬಗ್ಗಿ ನಗುತ್ತಿದ್ದ.

ಮೂರು ಸೆಕೆಂಡಿನ ವ್ಯತ್ಯಾಸ. ನನ್ನ ಹೆಬ್ಬೆರಳು ಗುಂಡಿಯ ಮೇಲಿತ್ತು. ಅವಳಿಗೆ ಹಸಿರು ಬಂತು. ಅವಳು ಹೋದಳು.

ಮಹಡಿಯ ಕಿಟಕಿ ಬಿಟ್ಟರೆ, ನಾನು ಅವಳನ್ನು ಹಿಂದಿನಿಂದ ನೋಡುವುದು ಅದೇ ಮೊದಲು. ನನ್ನ ಪಕ್ಕದಲ್ಲಿರುವಾಗ ಅವಳು ಒಂದು ಹೆಜ್ಜೆಯೂ ಮುಂದೆ ಇಟ್ಟವಳಲ್ಲ. ಈಗ ಬ್ರೇಕ್ ದೀಪ ಒಮ್ಮೆಯೂ ಹೊತ್ತದೆ, ಗಾಡಿ ಒಂದಿಷ್ಟೂ ಅಳುಕದೆ, ನನ್ನನ್ನು ಬಿಟ್ಟು ಹೋಗುತ್ತಿದ್ದಳು. ನನಗೆ ಖುಷಿಯಾಯಿತು. ಜೊತೆಗೆ ಹೆದರಿಕೆಯೂ ಆಯಿತು. ಶಾಲೆಯ ಆ ಓಟದಲ್ಲಿ ಹಿಂದೆ ನಿಂತ ಹುಡುಗರು ಅರ್ಧ ದಾರಿಯಲ್ಲಿದ್ದ ನನ್ನನ್ನು ನೋಡಿ ನಗುತ್ತಿದ್ದರೆಂದೇ ನಾನು ಇಷ್ಟು ವರ್ಷ ನಂಬಿದ್ದೆ. ಅವರ ಜಾಗದಲ್ಲಿ ನಿಂತು ನೋಡಿದರೆ, ನಗಲು ಪುರಸೊತ್ತೇ ಇಲ್ಲ. ಇವಳನ್ನು ಹೇಗೆ ಹಿಡಿಯಲಿ ಎಂಬುದೊಂದೇ ಯೋಚನೆ.

ನನ್ನ ಹಸಿರು ಬಂತು, ಹೆಬ್ಬೆರಳು ಎತ್ತಿದೆ. ಕಾರು ಹಾರಿತು. ಗೆರೆಗೆ ಸ್ವಲ್ಪ ಮುಂಚೆ ಅವಳ ಪಕ್ಕಕ್ಕೆ ಬಂದೆ. ತಿಳಿದವರು ಅಲ್ಲಿ ಆಕ್ಸಲರೇಟರ್ ಮೇಲಿನ ಕಾಲನ್ನು ತುಸು ಸಡಿಲ ಬಿಡುತ್ತಾರೆ, ಬರೆದದ್ದಕ್ಕಿಂತ ಬೇಗ ಮುಟ್ಟಬಾರದಲ್ಲ. ನನಗೂ ಅದು ಗೊತ್ತಿತ್ತು. ನನ್ನ ಬಲಗಾಲು ಕೇಳಲಿಲ್ಲ. ಅವಳಿಗಿಂತ ಮೊದಲು ಮುಟ್ಟಿದೆ, ನಾನೇ ಬರೆದದ್ದಕ್ಕಿಂತಲೂ ಬೇಗ ಮುಟ್ಟಿದೆ. ಗೆಲುವಿನ ದೀಪ ಅವಳ ಕಡೆ ಹೊತ್ತಿತು.

ಮುಂದಿನ ಸುತ್ತಿನಲ್ಲಿ ಅವಳೂ ಸೋತಳು. ಹಸಿರು ಬಂದಾಗ ಕನ್ನಡಕ ಒರೆಸುತ್ತಿದ್ದಳಂತೆ. ಆಮೇಲೆ ಕ್ಯಾಂಟೀನ್ ಕಡೆ ಹೊರಟೆವು. ಅಭ್ಯಾಸಬಲದಿಂದ ನಾನು ಇಲ್ಲೂ ಕಾರನ್ನು ಕೊನೆಯ ಮೂಲೆಯಲ್ಲೇ ನಿಲ್ಲಿಸಿದ್ದೆ. ದಾರಿ ಉದ್ದವಿತ್ತು. ಅವಳು ವಾಕಿಂಗ್ ಶೂ ಹಾಕಿಕೊಂಡು, ಮತ್ತೆ ನನ್ನ ಪಕ್ಕದಲ್ಲಿ, ನನ್ನಷ್ಟೇ ನಿಧಾನ.

ಕೊನೆಗೂ ಹೇಳಿದೆ. "ನೀನು ಮುಂದೆ ಹೋಗ್ಬಹುದು. ನಂಗೋಸ್ಕರ ಇಷ್ಟು ನಿಧಾನ ನಡೀಬೇಕಾಗಿಲ್ಲ."

ಅವಳು ನನ್ನ ಕಡೆ ನೋಡಲೂ ಇಲ್ಲ. "ನಿಮ್ಮ ಸಲುವಾಗಿ ಅಂತ ಯಾರ್ ಹೇಳಿದ್ರು? ನಂಗ ಜೋರ್ ನಡಿಯಾಕ ಬರೂದಿಲ್ಲ. ಕಾಲು ನೋಯ್ತಾವ."

ಕೆರೆಯ ಸುತ್ತ ಬೀಸುವ ಆ ಮೊಣಕೈಗಳು ಕಣ್ಣಿಗೆ ಬಂದವು. ಹಿಂದಿನ ನಾನಾಗಿದ್ದರೆ ಅಲ್ಲೇ ಹಿಡಿದು ಕೇಳುತ್ತಿದ್ದೆ, ಜಗಳವಾಗುತ್ತಿತ್ತು. ಅವತ್ತು ಆ ಸುಳ್ಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

"ಹಾಗಾದ್ರೆ ಕೈ ಹಿಡ್ಕೋ" ಅಂದೆ. "ಬಿದ್ಗಿದ್ದೀಯಾ."

ಅವಳು ಹಿಡಿದುಕೊಂಡಳು.