ಅಶ್ಫಾಕ್ ಕತ್ತರಿ ಹಾಕಿದ ನನ್ನ ಮಾತು

ಸತ್ತವರ ಮೇಲೆ ದೂರು ಹೇಳಬಾರದು ಎನ್ನುತ್ತಾರೆ. ನಾನು ಹೇಳಿದೆ. ಅದೂ ಮೈಕ್ ಹಿಡಿದು.

ಕಳೆದ ಭಾನುವಾರ ಕುಮಟೆಯಲ್ಲಿ ಅಶ್ಫಾಕ್‌ಗೆ ನುಡಿನಮನ ಇತ್ತು. ಭಟ್ಕಳದ ಅಶ್ಫಾಕ್ ನಿಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. ಸಾಕ್ಷ್ಯಚಿತ್ರ ಮಾಡುವವರು ಯಾರಿಗೆ ತಾನೇ ಗೊತ್ತಿರುತ್ತಾರೆ? ಶಾಲೆಗೆ ಸೇರದ ಮಕ್ಕಳು, ಸೇರಿ ಬಿಟ್ಟ ಮಕ್ಕಳು, ಬಿಡದೆಯೂ ಹಿಂದಿನ ಬೆಂಚಿನಲ್ಲೇ ಉಳಿದ ಮಕ್ಕಳು. ಇವರ ಹಿಂದೆ ಕ್ಯಾಮೆರಾ ಹೊತ್ತು ಆಯುಷ್ಯವಿಡೀ ತಿರುಗಿದ ಮನುಷ್ಯ.

ನುಡಿನಮನ ಅಂದರೆ ಗೊತ್ತಲ್ಲ? ಹೋದವರ ಹೆಸರು ಹೇಳಿ ನಮ್ಮ ಬಗ್ಗೆ ಮಾತಾಡುವ ಕಾರ್ಯಕ್ರಮ. ಒಬ್ಬರು ತಾವು ಅವನಿಗೆ ಕೊಟ್ಟ ಶೂಟಿಂಗ್ ಪರವಾನಗಿಯ ಕಥೆ ಹೇಳಿದರು. ಇನ್ನೊಬ್ಬರು ತಮ್ಮ ಮನೆಯಲ್ಲಿ ಅವನು ಉಂಡ ಊಟದ ಕಥೆ. ಮೂರನೆಯವಳು ನಾನು.

ನಾನು ಅವನ ಅಘನಾಶಿನಿಯ ಸಿನಿಮಾ ನೆನಪಿಸಿಕೊಂಡೆ. ಸಮುದ್ರದ ನೀರು ಹಿಂದೆ ಸರಿಯುವ ಇಳಿತದ ಹೊತ್ತಿಗೆ ಹೆಂಗಸರು ಹೊಳೆಯ ಕೆಸರಿಗಿಳಿದು ಬಳಚು ಎಂಬ ಚಿಪ್ಪನ್ನು ಆರಿಸುತ್ತಾರೆ. ಹೆಣ್ಣುಮಕ್ಕಳೂ ಜೊತೆಗಿಳಿಯುತ್ತಾರೆ. ಇಳಿತದ ಹೊತ್ತು ದಿನಾ ಬದಲಾಗುತ್ತದೆ, ಶಾಲೆಯ ಬೆಲ್ ಬದಲಾಗುವುದಿಲ್ಲ. ಸಿನಿಮಾ ಇದರ ಬಗ್ಗೆಯೇ.

ನಾನಾಗ ಅಲ್ಲಿಯ ಹೈಸ್ಕೂಲಿನಲ್ಲಿ ಟೀಚರ್. ಕಲಿಸುತ್ತಿದ್ದದ್ದು ಸಮಾಜ. (ಹೌದು, ಸಮಾಜವೇ.) ಅಶ್ಫಾಕ್ ಸ್ಟಾಫ್ ರೂಮಿನಲ್ಲಿ ಒಂದು ತಾಸು ನನ್ನ ಇಂಟರ್‌ವ್ಯೂ ಮಾಡಿದ. ಹೊಸ ಸೀರೆ ಉಟ್ಟಿದ್ದೆ. ಸಿನಿಮಾ ಬಂದಾಗ ನೋಡಿದರೆ ನಾನು ಒಂದು ಸೆಕೆಂಡೂ ಇಲ್ಲ.

ಆಮೇಲೊಮ್ಮೆ ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ. ಸಿನಿಮಾ ಉದ್ದ ಆಯ್ತು ಮೇಡಂ, ತಪ್ಪು ನಂದೇ ಎಂದು ನಕ್ಕಿದ್ದ. ಟೀಚರನ್ನೇ ಬಿಟ್ಟು ಶಾಲೆಯ ಸಿನಿಮಾ ಮಾಡಿದ ಪುಣ್ಯಾತ್ಮ ಎಂದು ಮೈಕಿನಲ್ಲಿ ಹೇಳಿದೆ. ಸಭೆ ನಕ್ಕಿತು. ಖುಷಿಯಿಂದಲೇ ವೇದಿಕೆ ಇಳಿದೆ.

ಮೈಕಿನಲ್ಲಿ ಹೇಳದೆ ಉಳಿಸಿಕೊಂಡದ್ದೂ ಒಂದಿತ್ತು. ಅಶ್ಫಾಕ್ ಯಾವ ಸಿನಿಮಾವನ್ನೂ ಹೊರಗೆ ಬಿಡುವ ಮೊದಲು ಅದರಲ್ಲಿರುವವರಿಗೇ ತೋರಿಸುತ್ತಿದ್ದ. ಅವರದೇ ಅಂಗಳದಲ್ಲಿ, ಬಿಳಿ ಪಂಚೆಯನ್ನೇ ಪರದೆಯಾಗಿ ಕಟ್ಟಿ. ಯಾರಾದರೂ ಒಬ್ಬರು ಇದು ಬೇಡ ಅಂದರೆ ಅಲ್ಲಿಗೆ ಕತ್ತರಿ, ವಾದವಿಲ್ಲ. ಆ ಸಲ ನನ್ನನ್ನೂ ಕರೆದಿದ್ದ. ಉತ್ತರ ಪತ್ರಿಕೆ ತಿದ್ದುವುದಿದೆ ಎಂದೆ. (ಇರಲಿಲ್ಲ. ಬಳಚು ಬೇಯಿಸುವ ಅಂಗಳದಲ್ಲಿ ಚಾಪೆಯ ಮೇಲೆ ಕೂರಲು ಮನಸ್ಸಿರಲಿಲ್ಲ.)

ಸಭೆ ಮುಗಿದು ಚಹಾ ಕುಡಿಯುತ್ತಿದ್ದೆ. ನಾಗಮ್ಮ ಹತ್ತಿರ ಬಂದರು. ಆ ಸಿನಿಮಾದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮಾತಾಡುವ ಹೆಂಗಸು. ಈಗ ತಲೆ ಪೂರ್ತಿ ಬೆಳ್ಳಗಾಗಿದೆ.

"ಅಕ್ಕೋರೇ, ಅವ್ರ ತಪ್ಪಿಲ್ಲ. ನಿಮ್ಮ ಮಾತು ನಾನೇ ಹೇಳಿ ತೆಗ್ಸಿದ್ದು" ಎಂದರು.

ಯಾಕೆ? ಅಂಥದ್ದು ಏನು ಹೇಳಿದ್ದೆ ನಾನು?

ಪಂಚೆಯ ಮೇಲೆ ದೊಡ್ಡದಾಗಿ ಬಂದೆನಂತೆ. ಸೀರೆ ಚೆನ್ನಾಗಿತ್ತಂತೆ. ಈ ಮಕ್ಕಳಿಗೆ ಬಳಚು ಆರಿಸುವುದೇ ವಿದ್ಯೆ, ನಾವೆಷ್ಟು ಕಲಿಸಿದರೂ ಅಷ್ಟೇ ಎಂದೆನಂತೆ. ಹೇಳಿ ನಕ್ಕೆನಂತೆ. ನಾಗಮ್ಮ ಇಷ್ಟನ್ನೂ ಸಿಟ್ಟಿಲ್ಲದೆ ಒಪ್ಪಿಸಿದರು. ಹಾಗೆ ಹೇಳಿದ ನೆನಪು ನನಗಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ನಾವು ದಿನಾ ಆಡುತ್ತಿದ್ದ ಮಾತೇ ಅದು.

ಅಂಗಳದಲ್ಲಿದ್ದ ಉಳಿದವರೆಲ್ಲ ಅದು ಇರಲಿ, ಊರಿಗೇ ಗೊತ್ತಾಗಲಿ ಎಂದಿದ್ದರಂತೆ. ಸಿನಿಮಾದ ಜೀವವೇ ಇದು ಎಂದು ಅಶ್ಫಾಕ್ ಕೂಡ ಒಮ್ಮೆ ಹೇಳಿದನಂತೆ. ಬೇಡ ಅಂದದ್ದು ನಾಗಮ್ಮ ಒಬ್ಬರೇ.

"ನಮ್ಮ ಹುಡ್ಗಿ ನಿಮ್ಮ ಕ್ಲಾಸ್ನಲ್ಲೇ ಇತ್ತಲ್ಲ, ಅಕ್ಕೋರೇ. ಅದು ಮತ್ತೆ ನಿಮ್ಮ ಎದ್ರಿಗೆ ಹ್ಯಾಂಗೆ ಕೂತ್ಕಣ್ಬೇಕು? ನಿಮ್ಗೂ ಅದ್ರ ಮೋರೆ ನೋಡೂಕೆ ಕಷ್ಟ ಆಗ್ತಿತ್ತು."

ಒಬ್ಬ ಹುಡುಗಿ ಕ್ಲಾಸಿನಲ್ಲಿ ತಲೆ ಎತ್ತಿ ಕೂರಲಿ ಎಂದು ಅಶ್ಫಾಕ್ ತನ್ನ ಸಿನಿಮಾದ ಜೀವವನ್ನೇ ಕತ್ತರಿಸಿದ. ಮೇಲಿಂದ ತಪ್ಪು ನಂದೇ ಎಂದು ನನ್ನ ಮರ್ಯಾದೆಯನ್ನೂ ಉಳಿಸಿದ. ನಾನೋ, ಅವನ ನುಡಿನಮನದಲ್ಲೇ ಅವನ ಮೇಲೆ ಜೋಕ್ ಮಾಡಿ ಬಂದೆ. ನಾಚಿಕೆಯಾಯಿತು. ಯಾರ ಹತ್ತಿರ ಕ್ಷಮೆ ಕೇಳುವುದು?

ಮಗಳು ಈಗೇನು ಮಾಡುತ್ತಾಳೆ ಎಂದು ವಿಚಾರಿಸಿದೆ. ಎಸ್ಸೆಸ್ಸೆಲ್ಸಿ ಪಾಸಾಗಿ, ನರ್ಸಿಂಗ್ ಓದಿ, ಭಟ್ಕಳದಲ್ಲಿ ಕೆಲಸಕ್ಕಿದ್ದಾಳಂತೆ. ಹೆಸರು ಕೇಳಿದೆ. ಸವಿತಾ, ಮೂರು ವರ್ಷ ನಿಮ್ಮ ಕೈಲೇ ಕಲಿತದ್ದು ಎಂದರು. ಹೌದು ಹೌದು ಎಂದು ತಲೆಯಾಡಿಸಿದೆ. ಬಸ್ಸಿನಲ್ಲಿ ಮನೆ ತಲುಪುವವರೆಗೂ ಯೋಚಿಸಿದೆ. ಮುಖ ನೆನಪಾಗಲಿಲ್ಲ.

ಸಿನಿಮಾದಲ್ಲಿ ನಾನಿಲ್ಲ ಎಂದು ಇಷ್ಟು ವರ್ಷ ದೂರಿದೆನಲ್ಲ, ನನ್ನ ಕ್ಲಾಸಿನಲ್ಲಿ ಸವಿತಾ ಇದ್ದಳೇ?